ಹಾಡಿನ ಕೆಳಗಿನ ದನಿ

ಮೊಬೈಲಿನಲ್ಲಿ ಜಾಗ ಸಾಲದೆಂದು ನೀವು ಕಳೆದ ಸಲ ಅಳಿಸಿ ಹಾಕಿದ್ದು ಏನನ್ನು, ನೆನಪಿದೆಯೆ? ಅಳಿಸುವ ಮೊದಲು ಅದನ್ನು ಒಮ್ಮೆಯಾದರೂ ಪೂರ್ತಿ ಕೇಳಿದಿರಾ? ಅಥವಾ ಬಸ್ಸಿನ ಕಿಟಕಿಯ ಪಕ್ಕ ಕುಳಿತು, ಆಕಳಿಸುತ್ತ, ಬೆರಳು ಹೋದಲ್ಲಿ ಒತ್ತಿಬಿಟ್ಟಿರಾ?

ಕರೂರಿನಲ್ಲಿ ಹನುಮಮ್ಮ ತನ್ನ ಮನೆಯ ಪಡಸಾಲೆಯ ಗೋಡೆಗೆ ಒರಗಿ, ಗುಂಡಿ ಒತ್ತುವ ಚಿಕ್ಕ ಫೋನನ್ನು ಕಿವಿಗೆ ಹಿಡಿದು ಕುಳಿತಿದ್ದಳು. ಗಂಟಲಿನ ಕೆಳಗೆ, ಉಸಿರಾಡಲೆಂದು ಕೊರೆದ ರಂಧ್ರದ ಮೇಲೆ ಇಳಿಬಿಟ್ಟಿದ್ದ ಬಿಳಿ ಬಟ್ಟೆಯ ತುಂಡು ಉಸಿರಿಗೆ ತಕ್ಕಂತೆ ಏಳುತ್ತಿತ್ತು, ಬೀಳುತ್ತಿತ್ತು. ಕ್ಯಾನ್ಸರಿನ ಹುಣ್ಣು ಹಿಡಿದಿದ್ದ ಧ್ವನಿಪೆಟ್ಟಿಗೆಯನ್ನು ಬಳ್ಳಾರಿಯ ವೈದ್ಯರು ಪೂರ್ತಿ ತೆಗೆದುಹಾಕಿದ್ದರು. ಜೀವ ಉಳಿದಿತ್ತು, ದನಿ ಹೋಗಿತ್ತು. ಎದುರಿಗೆ ಮಗ ಪ್ರದೀಪ ಮಂಡಿಯೂರಿ ಕುಳಿತಿದ್ದ. ಅವನದು ಬಳ್ಳಾರಿಯಲ್ಲಿ, ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ, ಕಂಪ್ಯೂಟರಿನ ಮೇಲೆ ಕಸೂತಿಯ ನಮೂನೆಗಳನ್ನು ಬಿಡಿಸುವ ಕೆಲಸ. ವಾಸ ಕಂಟೋನ್ಮೆಂಟಿನ ಒಂದು ಬಾಡಿಗೆ ಕೋಣೆ. ಮಗಳು ಸಂಘಮಿತ್ರಾ ಕುರುಗೋಡಿನ ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿ. ಅವಳು ಬುದ್ಧನ ಪಟದ ಕೆಳಗೆ ನಿಂತು ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಎಲ್ಲಾ ಹಾಡೂ ಅದ್ರಾಗ ಹಾಕೀನಿ ಯವ್ವ, ಅಷ್ಟು ಸಣ್ಣ ಕಾರ್ಡಿನ್ಯಾಗ," ಎಂದ ಪ್ರದೀಪ. "ಹೊಲಕ್ಕ ಹೋಗು, ಸಂತಿಗೆ ಹೋಗು, ನಿನ್ನ ದನಿ ನಿನ್ನ ಸಂಗಾಟನ ಬರತೈತಿ."

ಹನುಮಮ್ಮನ ತೋರುಬೆರಳು ಮೊಣಕಾಲಿನ ಮೇಲೆ ತಾಳ ಹಾಕತೊಡಗಿತು. ಒಂದೆಡೆ ಬೆರಳು ಮೇಲೆದ್ದು ಗಾಳಿಯಲ್ಲೇ ನಿಂತಿತು. ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಮತ್ತೆ ತಾಳ, ಮತ್ತೆ ಅದೇ ಜಾಗದಲ್ಲಿ ಬೆರಳು ನಿಂತಿತು.

"ಜೋರು ಮಾಡಲೇ ಪ್ರದೀಪ, ಅಕಿಗೆ ಕೇಳವಲ್ದು," ಎಂದು ಪಕ್ಕದ ಮನೆಯ ಸಾವಂತ್ರಮ್ಮ ಹೊಸ್ತಿಲಲ್ಲಿ ಕುಳಿತೇ ಗದರಿದಳು. ಅವನು ದನಿ ಹೆಚ್ಚಿಸಿದ. ನಾಟಿಯ ಹಾಡು ಪಡಸಾಲೆಯನ್ನು ತುಂಬಿತು. ತನ್ನ ಕಂಠವನ್ನೇ ಕೇಳಿ ಸಾವಂತ್ರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯ, ನನ್ನ ದನೀನಾ ಇದು? ಬಾವ್ಯಾಗ ಬಿದ್ದು ಒದರಿದಂಗೈತಿ! ನೀರಾಗ ಅದ್ದಿ ತೆಗದೀಯೇನಲೇ?"

ಪ್ರದೀಪ ನಕ್ಕ. ಹನುಮಮ್ಮ ನಗಲಿಲ್ಲ. ಬೆರಳನ್ನು ತನ್ನ ಎದೆಯ ಮೇಲಿಟ್ಟಳು, ಆಮೇಲೆ ಫೋನಿನ ಮೇಲಿಟ್ಟಳು, ಆಮೇಲೆ ಅಂಗೈಯನ್ನು ಬರಿದಾಗಿ ತೆರೆದು ಮಗನ ಮುಂದೆ ಹಿಡಿದಳು. ಅದರಲ್ಲಿ ತಾನಿಲ್ಲ ಎಂದು ಅವಳು ಹೇಳುತ್ತಿದ್ದಾಳೆಂಬುದು ಮೂವರಿಗೂ ತಿಳಿಯಿತು.

ಹನುಮಮ್ಮ ಹರೆಯದಿಂದಲೂ ಕರೂರಿನ ನಾಟಿಯ ತಂಡದ ಮುಂದಾಳು. ಮುಂದಾಳಿನ ಕೆಲಸ ಹಾಡನ್ನು ಎತ್ತುವುದಷ್ಟೇ ಅಲ್ಲ. ಅವಳು ಹಾಡಿದ ಸಾಲನ್ನು ಉಳಿದ ಹೆಂಗಸರು ತಿರುಗಿ ಹಾಡುತ್ತಿರುವಾಗಲೇ, ಆ ಅಬ್ಬರದ ಅಡಿಯಲ್ಲಿ, ಮುಂದಿನ ಸಾಲನ್ನು ಮೆಲ್ಲಗೆ ಹೇಳಿಕೊಡಬೇಕು. ಅದನ್ನು ಅವರು ಸೊಲ್ಲು ಕೊಡುವುದು ಎನ್ನುತ್ತಾರೆ. ಕೆಸರಿನಲ್ಲಿ ಬಾಗಿದವರಿಗೆ ಆ ದನಿ ಪಕ್ಕದಿಂದ ಬರಬೇಕು. ಅದು ಬಂದರೆ ಕೈ ತಡೆಯುವುದಿಲ್ಲ, ಹಾಡು ತಪ್ಪುವುದಿಲ್ಲ. ದೂರದ ಬದುವಿನ ಮೇಲೆ ನಿಂತ ಹೊಲದೊಡೆಯನಿಗೆ ಕೇಳಿಸುವುದು ಮೇಲಿನ ಹಾಡು ಮಾತ್ರ.

ಅವಳ ಕಂಠ ಗಟ್ಟಿಯಾಗಿದ್ದ ವರ್ಷಗಳಲ್ಲಿ ಅದನ್ನು ಮುದ್ರಿಸಿಕೊಳ್ಳಬೇಕೆಂದು ಯಾರಿಗೂ ತೋಚಲಿಲ್ಲ. ದಿನಾ ಕೇಳುವ ದನಿಯನ್ನು ಯಾರು ತೆಗೆದಿಡುತ್ತಾರೆ? ಶಸ್ತ್ರಚಿಕಿತ್ಸೆ ನಿಶ್ಚಯವಾದ ಮೇಲೆ ಮಕ್ಕಳು ಎಚ್ಚೆತ್ತರು. ಅಷ್ಟರಲ್ಲಿ ಹನುಮಮ್ಮನಿಗೆ ಹಾಡನ್ನು ಎತ್ತುವ ಶಕ್ತಿ ಉಳಿದಿರಲಿಲ್ಲ. ಕಳೆದ ಮಳೆಗಾಲದ ನಾಟಿಯಲ್ಲಿ ಸಾವಂತ್ರಮ್ಮ ಮೇಲಿನ ಸಾಲು ಹಾಡಿದಳು. ಹನುಮಮ್ಮ ಅವಳ ಪಕ್ಕದಲ್ಲಿ ಬಾಗಿ, ಸಸಿ ಹಚ್ಚುತ್ತ ಹಿಂದಕ್ಕೆ ಸರಿಯುತ್ತ, ಸೊಲ್ಲು ಮಾತ್ರ ಕೊಟ್ಟಳು. ಸಂಘಮಿತ್ರಾ ಸಹೋದ್ಯೋಗಿ ಅನಿತಾಳಿಂದ ಧ್ವನಿಮುದ್ರಣದ ಯಂತ್ರವನ್ನು ಎರವಲು ತಂದು, ತಾಯಿಯ ಸಾಲಿಗೆ ತೀರ ಹತ್ತಿರದ ಬದುವಿನ ಮೇಲೆ ಬಿಸಿಲಿನಲ್ಲಿ ನಿಂತು ಮುದ್ರಿಸಿಕೊಂಡಳು. "ಏನೂ ಬಿಡದಂಗ ಮುದ್ರಿಸೂ ಹಂಗ ಇಟ್ಟೀನಿ. ಫೈಲು ಬಾಳ ದೊಡ್ಡದಾಗತಾವ, ಆಗಲಿ ಬಿಡ್ರಿ," ಎಂದಿದ್ದಳು ಅನಿತಾ.

ಅಂದೇ ಸಿರುಗುಪ್ಪದ ಕಡೆಗೆ ಹೊರಟಿದ್ದ ಬಸ್ಸೊಂದು ಆ ಗದ್ದೆಯ ಪಕ್ಕದಲ್ಲಿ ಟೈರು ಒಡೆದು ನಿಂತಿತು. ಪ್ರಯಾಣಿಕರು ಇಳಿದು ಬಂದು ಸಾಲಾಗಿ ಮೊಬೈಲು ಎತ್ತಿ ಹಿಡಿದರು. "ಏನ್ರಪಾ, ಬರೇ ವಿಡಿಯೋ ಹೊಡೀತೀರೋ, ಒಂದು ಹಿಡಿ ಸಸಿ ಹಚ್ಚಿ ಹೋಗತೀರೋ?" ಎಂದು ಸಾವಂತ್ರಮ್ಮ ಕೆಣಕಿದ್ದಳು. ಹೆಂಗಸರೆಲ್ಲ ಕೆಸರುಗೈಯಲ್ಲೇ ನಕ್ಕಿದ್ದರು.

ಆ ಸಂಜೆ ಸಂಘಮಿತ್ರಾ ಧ್ವನಿಮುದ್ರಿಕೆಯನ್ನು ಒಮ್ಮೆ ಕೇಳಿದ್ದಳು. "ಕೆಸರಾಗಿಟ್ಟ ಕೂಸು ಎದಿಯುದ್ದ ಬೆಳೀಲಿ" ಎಂದು ತಂಡ ಹಾಡುವಾಗ ಅದರ ಕೆಳಗೆ ತಾಯಿಯ ಸೀಳುದನಿ ಮುಂದಿನ ಸೊಲ್ಲನ್ನು ಕೊಡುತ್ತಿತ್ತು. ಒಂದೆಡೆ ಸೊಲ್ಲಿನ ಬದಲು ಬೇರೆಯೇ ಮಾತಿತ್ತು: "ಮಿತ್ರಾ, ಬಿಸಿಲಾಗ ನಿಂದರಬ್ಯಾಡ, ನೆಳ್ಳಿಗೆ ಹೋಗವ್ವ." ಹಾಡಿನ ನಡುವೆ ತನ್ನನ್ನು ಗದರಿದ್ದನ್ನು ಕೇಳಿ ಸಂಘಮಿತ್ರಾಳಿಗೆ ನಗು ಬಂದಿತ್ತು. ಕಡತಗಳನ್ನು ತಮ್ಮನ ಲ್ಯಾಪ್‌ಟಾಪಿಗೆ ಒಪ್ಪಿಸಿ, ಯಂತ್ರವನ್ನು ಖಾಲಿ ಮಾಡಿ ಅನಿತಾಳಿಗೆ ಹಿಂದಿರುಗಿಸಿದಳು. ಆಮೇಲೆ ಆಸ್ಪತ್ರೆಯ ಓಡಾಟ ಶುರುವಾಯಿತು.

ಈಗ ಅವಳು ಕಾರ್ಡನ್ನು ತನ್ನ ಫೋನಿಗೆ ಹಾಕಿ, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಆ ಜಾಗ ಬರುವುದನ್ನೇ ಕಾದಳು. ಹಾಡು ಬಂತು, ತಂಡದ ಅಬ್ಬರ ಬಂತು. ಅದರ ಅಡಿಯಲ್ಲಿ ನೀರಿನ ಗುಳುಗುಳು ಸದ್ದಿನಂಥದೇನೋ ಇತ್ತು. ಮಾತಿರಲಿಲ್ಲ. ಹಿಂದಕ್ಕೆ ಸರಿಸಿ ಇನ್ನೊಮ್ಮೆ ಕೇಳಿದಳು. ಆಮೇಲೆ ತಮ್ಮನನ್ನು ಅಂಗಳಕ್ಕೆ ಕರೆದಳು.

"ಏನ್ ಮಾಡೀದಿ ಇದಕ್ಕ?"

"ಸಣ್ಣದು ಮಾಡೀನಿ, ಅಷ್ಟ ಯಕ್ಕ. ಅವ್ವನ ಫೋನಿನ್ಯಾಗ ಹಿಡೀಲಿ ಅಂತ. 'ಚಿಟಿಕೆ' ಅಂತ ಒಂದು ಸಾಫ್ಟ್‌ವೇರ್ ಐತಿ. ನೂರು ಪಾಲಿದ್ದದ್ದು ಒಂದು ಪಾಲು ಆಕ್ಕೈತಿ, ಕೂದಲೆಳಿಯಷ್ಟೂ ಲಾಸ್ ಇಲ್ಲ ಅಂತ ಬರದಾರ."

"ಮೊದಲಿಂದು ಎಲ್ಲೈತಿ?"

ಪ್ರದೀಪ ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿದ. "ಅದು ಮುಗದ ಮ್ಯಾಲೆ, 'ಮೂಲ ಇನ್ನು ಬೇಕಿಲ್ಲ, ನಿಶ್ಚಿಂತೆಯಿಂದ ಅಳಿಸಿ' ಅಂತ ಬಂತು. ಒತ್ತಿದೆ."

"ಒತ್ತೂಕಿಂತ ಮೊದ್ಲು ನೋಡ್ಲಿಲ್ಲೇನು?"

"ನೋಡ್ದೆ! ಬಿಚ್ಚಿ ನೋಡ್ದೆ. ಮೊದ್ಲು ಎಷ್ಟು ದೊಡ್ಡದಿತ್ತೋ ಅಷ್ಟ ದೊಡ್ಡದಾತು, ಅಳತಿ ಒಂದ ಬಂತು. ಘಟಕದಾಗ ಹಚ್ಚಿ ಕೇಳಿದ್ವಿ. ಫಸ್ಟ್‌ಕ್ಲಾಸ್ ಐತಿ ಅಂದ್ರು ಎಲ್ಲಾರೂ."

"ಮಷಿನು ಓಡೂವಾಗ?"

ಅವನು ಹೌದೆಂದು ತಲೆಯಾಡಿಸಿದ. ನೂರಾರು ಹೊಲಿಗೆ ಯಂತ್ರಗಳ ಗದ್ದಲದಲ್ಲಿ ಎಲ್ಲ ಹಾಡೂ ಒಂದೇ ಎಂಬುದು ಆಗ ಅವನಿಗೆ ಹೊಳೆದಿರಲಿಲ್ಲ.

ಸಂಘಮಿತ್ರಾ ದನಿ ಏರಿಸಲಿಲ್ಲ. ತರಗತಿಯಲ್ಲಿ ಹೇಳುವಂತೆಯೇ ಹೇಳಿದಳು. "ಪ್ಯಾಂಟು ಮಡಚಿ ಪೆಟ್ಟಿಗ್ಯಾಗ ಇಟ್ರ ಸಣ್ಣದಾಗತೈತಿ, ಬಿಚ್ಚಿದ್ರ ಅದ ಪ್ಯಾಂಟು. ಹಂಗ ಮಡಚೂದೂ ಐತಿ. ಆದ್ರ ಎಷ್ಟಂತ ಮಡಚತಿ? ನೂರು ಪ್ಯಾಂಟು ಬೆಂಕಿಪೆಟ್ಟಿಗ್ಯಾಗ ಹಿಡಸಾಕ ಆಗೂದಿಲ್ಲ. ಇದು ಮಡಚಿಲ್ಲ. ನಿಮ್ಮ ಘಟಕದ ವಾಶಿಂಗಿನ್ಯಾಗ ಹಾಕಿದಂಗ ಹಾಕೇತಿ. ವಾಶ್ ಆದ ಮ್ಯಾಲೆ ಪ್ಯಾಂಟಿನ ಅಳತಿ ಅದ ಇರತೈತಿ. ಮೋರ್ಯಾಗ ಹರದ ನೀಲಿ ತಿರುಗಿ ಬರತೈತೇನು?"

ಘಟಕದ ಹಿಂದಿನ ಮೋರಿ ದಿನವೂ ನೀಲಿಯಾಗಿ ಹರಿಯುವುದನ್ನು ಪ್ರದೀಪ ಬಲ್ಲ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಯಾವ ಕಡತವನ್ನು ಕೊಟ್ಟರೂ ನೂರರಲ್ಲಿ ಒಂದು ಪಾಲಿಗೆ ಇಳಿಸಿ, ಏನನ್ನೂ ಕಳೆಯದೆ ಹಿಂದಿರುಗಿಸುತ್ತೇವೆ ಎಂಬುದು ಶುದ್ಧ ಸುಳ್ಳು. ಹೀಗೆ ಕುಗ್ಗಿಸಿದ ಒಂದೊಂದು ಕಡತವೂ ಒಂದೊಂದು ಚಿಕ್ಕ ಪೆಟ್ಟಿಗೆ ಎಂದುಕೊಳ್ಳಿ. ಅಂಥ ಚಿಕ್ಕ ಪೆಟ್ಟಿಗೆಗಳು ಕಡಿಮೆ, ಇರಬಹುದಾದ ಹಾಡುಗಳು ಅವಕ್ಕಿಂತ ಎಷ್ಟೋ ಹೆಚ್ಚು. ಎರಡು ಬೇರೆ ಹಾಡುಗಳು ಒಂದೇ ಪೆಟ್ಟಿಗೆಗೆ ಬೀಳಲೇಬೇಕು. ಮುಚ್ಚಳ ತೆರೆದಾಗ ಯಾವುದು ಹೊರಗೆ ಬರಬೇಕು? ಹೈಸ್ಕೂಲಿನ ಮಕ್ಕಳಿಗೂ ಅರ್ಥವಾಗುವ ಈ ಪ್ರಶ್ನೆಯನ್ನು ಮಾರುವವರು ಕೇಳಿಕೊಳ್ಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. ಕೇಳದೆ ಇರುವುದರಿಂದಲೇ ಆ ವ್ಯಾಪಾರ ನಡೆಯುತ್ತದೆ.

ಮರುದಿನ ಅಕ್ಕ ತಮ್ಮ ಬಳ್ಳಾರಿಗೆ ಹೋದರು. 'ಚಿಟಿಕೆ'ಯನ್ನು ಪ್ರದೀಪನಿಗೆ ಕೊಟ್ಟವನು ದುರ್ಗೇಶ್. ಕೋಟೆಗುಡ್ಡ ಕಾಣುವ ಒಂದು ಓಣಿಯಲ್ಲಿ ಅವನ ಮೊಬೈಲ್ ಅಂಗಡಿ. ಬಾಗಿಲ ಮೇಲೆ, ಸೂಜಿಯ ಕಣ್ಣಿನಿಂದ ಆನೆಯೊಂದು ನಗುತ್ತ ಹೊರಬರುವ ಚಿತ್ರವಿದ್ದ, 'ಕೂದಲೆಳೆಯಷ್ಟೂ ನಷ್ಟವಿಲ್ಲ' ಎಂಬ ಬೋರ್ಡು ತೂಗುತ್ತಿತ್ತು.

"ಬರ್ರಿ ಮೇಡಂ, ಕುಂದರ್ರಿ. ಚಾ ತರಸ್ಲೇನು?"

"ಚಾ ಬ್ಯಾಡ. ಕೂದಲೆಳಿಯಷ್ಟೂ ನಷ್ಟ ಇಲ್ಲ ಅಂತ ಆ ಬೋರ್ಡಿನ್ಯಾಗ ಬರದೀರಲ್ಲ, ಅದನ್ನ ಯಾರು ಪರೀಕ್ಷಾ ಮಾಡ್ಯಾರ?"

"ಕಂಪನಿ ಕಳಸಿದ ಬೋರ್ಡು ಮೇಡಂ ಅದು, ನಾ ಬರದಿದ್ದಲ್ಲ." ದುರ್ಗೇಶ್ ನಗಲು ನೋಡಿದ. "ನಷ್ಟ ಅಂದ್ರ ಹಂಗಲ್ಲ. ಕಿವಿಗೆ ಕೇಳಸಲಾರದ್ದಷ್ಟ ತೆಗಿತೈತಿ. ದೊಡ್ಡ ಸಪ್ಪಳದ ಕೆಳಗ ಸಣ್ಣ ಸಪ್ಪಳ ಇದ್ರ ಯಾರಿಗೆ ಕೇಳತೈತಿ ಹೇಳ್ರಿ? ಅದನ್ನ ತಗದು ಒಗಿತೈತಿ. ಇಷ್ಟು ಮಂದಿ ಒಯ್ದಾರ, ಒಬ್ರೂ ತಿರುಗಿ ಬಂದಿಲ್ಲ."

"ಯಾರ ಕಿವಿಗೆ ಕೇಳಸಲಾರದ್ದು?"

"ಅಂದ್ರ, ಸಾಮಾನ್ಯ ಮಂದಿ ಕಿವಿಗೆ…"

"ಕೆಳಗಿದ್ದ ಸಣ್ಣ ಸಪ್ಪಳ ನಮ್ಮವ್ವನ ದನಿ," ಎಂದಳು ಸಂಘಮಿತ್ರಾ. "ಈಗ ಅಕಿಗೆ ದನಿ ಇಲ್ಲ. ಇದ್ದದ್ದು ಅದೊಂದ."

ದುರ್ಗೇಶನ ಕೈಯಲ್ಲಿದ್ದ ಸ್ಕ್ರೂಡ್ರೈವರು ಮೇಜಿನ ಮೇಲೆ ಉರುಳಿತು. ಅವನು ಪ್ರದೀಪ ತಂದಿದ್ದ ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡ. ಅಳಿಸಿದ್ದನ್ನು ಮರಳಿ ತರಲು ಮಧ್ಯಾಹ್ನದವರೆಗೂ ಹೆಣಗಿದ, ತನಗೆಂದು ತರಿಸಿಕೊಂಡಿದ್ದ ಚಾ ಆರಿಹೋಯಿತು. ಕೊನೆಗೆ ಪರದೆಯನ್ನು ಅವರತ್ತ ತಿರುಗಿಸಿದ. ಆ ಜಾಗದ ಮೇಲೆಲ್ಲ ಪ್ರದೀಪನೇ ಆಮೇಲೆ ಬಿಡಿಸಿದ ಕಸೂತಿ ಬಂದು ಕುಳಿತಿತ್ತು. ಪ್ಯಾಂಟಿನ ಜೇಬಿನ ಗುಲಾಬಿ, ಬಳ್ಳಿ, ಚಿಟ್ಟೆ.

"ಇಲ್ಲ ಮೇಡಂ. ಅದರ ಮ್ಯಾಲೆ ಇದು ಬರದುಬಿಟ್ಟೈತಿ." ಅವನು ತನ್ನ ಫೋನನ್ನು ಜೇಬಿನಿಂದ ತೆಗೆದು ನೋಡಿದ. "ನಮ್ಮಪ್ಪನ ವಿಡಿಯೋ ಎಲ್ಲಾ ನಾನೂ ಇದರಾಗ ಹಾಕೀನಿ. ಬಿಚ್ಚಿ ನೋಡಿಲ್ಲ." ಅವನು ಅದನ್ನು ಬಿಚ್ಚಲಿಲ್ಲ, ಹಾಗೆಯೇ ಜೇಬಿಗೆ ಹಾಕಿಕೊಂಡ. ಅವರು ಹೊರಗೆ ಬಂದಾಗ ಆನೆ ಇನ್ನೂ ನಗುತ್ತಿತ್ತು.

ಕರೂರಿಗೆ ಮರಳಿದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಸಂಘಮಿತ್ರಾ ಒಳಗೆ ಹೋದಳು. ಪ್ರದೀಪ ಅಂಗಳದಲ್ಲೇ ನಿಂತ. ಪಡಸಾಲೆಯಲ್ಲಿ ಸಾವಂತ್ರಮ್ಮ ಅಕ್ಕಿಯ ನುಚ್ಚು ಆರಿಸುತ್ತಿದ್ದಳು, ಹನುಮಮ್ಮ ಪಕ್ಕದಲ್ಲಿದ್ದಳು.

"ಯವ್ವ, ನಾನ ಅಳಿಸಿದೆ," ಎಂದ ಪ್ರದೀಪ ಹೊರಗಿನಿಂದಲೇ. "ನಿನಗ ಸಂಗಾಟ ಇರಲಿ ಅಂತ ಮಾಡಿದೆ. ನಿನ್ನ ದನಿ ನಾನ ಕಳದೆ." ಅವನು ತಲೆ ತಗ್ಗಿಸಿ, ಮೈಮೇಲೆ ಸುರಿಯುವ ಬಿಸಿಲಿನಲ್ಲಿ ಹಾಗೆಯೇ ನಿಂತ.

"ಹಾಡು ಅದಾವಲ್ಲಲೇ, ನಾ ಹಾಡೀನಲ್ಲ," ಎಂದು ಸಾವಂತ್ರಮ್ಮ ಶುರುಮಾಡಿ, ಹನುಮಮ್ಮನ ಮುಖ ಕಂಡು ಮೊರವನ್ನು ಕೆಳಗಿಟ್ಟಳು. "ಸೊಲ್ಲಿಲ್ಲದ ಹಾಡು ತಗೊಂಡು ಏನ್ ಮಾಡೂದು ಬಿಡು," ಎಂದು ತನಗೇ ಹೇಳಿಕೊಂಡಳು.

ಹನುಮಮ್ಮ ಮಗನನ್ನು ಬಹಳ ಹೊತ್ತು ನೋಡಿದಳು. ಗಂಟಲಿನ ಬಿಳಿ ಬಟ್ಟೆ ಒಮ್ಮೆ ಜೋರಾಗಿ ಎದ್ದು ಬಿತ್ತು, ತುಟಿ ಅಲುಗಿತು. ಸದ್ದು ಬರಲಿಲ್ಲ. ಅವಳು ಬಲಗೈ ಎತ್ತಿ ಬಿಸಿಲನ್ನು ತೋರಿಸಿದಳು. ಆಮೇಲೆ ಪಕ್ಕದ ನೆಲವನ್ನು, ಚಾವಣಿಯ ನೆರಳು ಬಿದ್ದಿದ್ದ ಜಾಗವನ್ನು, ಅಂಗೈಯಿಂದ ತಟ್ಟಿದಳು.

ಬುದ್ಧನ ಪಟದ ಕೆಳಗೆ ನಿಂತಿದ್ದ ಸಂಘಮಿತ್ರಾ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು.

ಈಗ ರಜೆಯ ದಿನ ಪ್ರದೀಪ ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ನಿಂತಿರುತ್ತಾನೆ. ಟೈರು ಒಡೆದ ಆ ದಿನ ಬಸ್ಸಿನಲ್ಲಿದ್ದವರು ಯಾರಾದರೂ ಇದ್ದೀರಾ ಎಂದು ಕೇಳುತ್ತಾನೆ. ಕೆಲವರು ನಿಂತು ಕೇಳಿಸಿಕೊಳ್ಳುತ್ತಾರೆ. ಹಲವರು, ಅವನು ಏನನ್ನೋ ಮಾರಲು ಬಂದವನೆಂದು ಕೈ ಬೀಸಿ ನಡೆಯುತ್ತಾರೆ. ಅಂದು ಆ ಬಸ್ಸಿನಲ್ಲಿದ್ದ ನಿಮ್ಮಲ್ಲಿ ಒಬ್ಬರು ಬದುವಿನವರೆಗೂ ಇಳಿದು ಬಂದು, ಹೆಂಗಸರ ತೀರ ಹತ್ತಿರ ಮೊಬೈಲು ಹಿಡಿದಿದ್ದಿರಿ. ಅದನ್ನು ಇನ್ನೂ ಅಳಿಸಿಲ್ಲವಾದರೆ ದಯವಿಟ್ಟು ಅಳಿಸಬೇಡಿ. ಸಂದೇಶದಲ್ಲಿ ಕಳಿಸಲೂಬೇಡಿ, ದಾರಿಯಲ್ಲಿ ಅದು ಇನ್ನಷ್ಟು ಕುಗ್ಗುತ್ತದೆ. ಫೋನನ್ನೇ ತೆಗೆದುಕೊಂಡು ಕರೂರಿಗೆ ಬನ್ನಿ. ಬರುವ ಮೊದಲು, ಸದ್ದಿಲ್ಲದ ಒಂದು ಕೋಣೆಯಲ್ಲಿ ಕುಳಿತು, ಹಾಡನ್ನು ಬಿಟ್ಟು ಹಾಡಿನ ಕೆಳಗೆ ಕಿವಿಗೊಡಿ. ಯಾರೋ ಒಬ್ಬಳು ಮಗಳನ್ನು ನೆರಳಿಗೆ ಕರೆಯುತ್ತಿರಬಹುದು.