ಗುಂಡುಸೂಜಿ ತಿನ್ನುವ ರಾಕ್ಷಸಿ

ನನ್ನನ್ನು ರಾಕ್ಷಸಿ ಅಂದವರ ಹಲ್ಲು ಉದುರಿಸ್ತೀನಿ ಅಂತ ಹೊರಟವಳು ನಾನು. ಆಮೇಲೆ ಆದದ್ದೇ ಬೇರೆ. ಮೊದಲಿಂದ ಹೇಳ್ತೀನಿ, ಕೇಳಿ.

ಇಪ್ಪತ್ತಾರು ವರ್ಷದಿಂದ ಈ ಗಲ್ಲಿಯಲ್ಲಿ ಟೈಲರ್ ಅಂಗಡಿ ನನ್ನದು. ಆಗ ಹನ್ನೆರಡು ಅಂಗಡಿ ಇದ್ದವು. ಈಗ ನಾನು, ಇಸ್ತ್ರಿಯವನು, ಮತ್ತೆ ಯಾವಾಗ ನೋಡಿದರೂ ಆಕಳಿಸುವ ಸೈಕಲ್ ರಿಪೇರಿಯವನು, ಮೂರೇ ಜನ. ಉಳಿದ ಶಟರ್‌ಗಳೆಲ್ಲ ತುಕ್ಕು ಹಿಡಿದಿವೆ. ನನ್ನ ಅಂಗಡಿ ಎದುರಿಗೇ ಕಸದ ಗುಡ್ಡೆ. ಇಲ್ಲಿ ಹಾಕಬೇಡ್ರೋ ಅಂತ ಹನ್ನೊಂದು ವರ್ಷ ಗಂಟಲು ಹರಿದುಕೊಂಡೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯ್ತು. ಮೂಗು ಮುಚ್ಚಿಕೊಂಡು ಅಳತೆ ಕೊಡೋಕೆ ಯಾರು ಬರ್ತಾರೆ ಹೇಳಿ?

"ಸಾಕು ಅಕ್ಕ, ಮುಚ್ಚಿಬಿಟ್ಟು ನಮ್ಮನೆಗೆ ಬಾ. ತಿಂಗಳ ಕೊನೆಗೆ ವ್ಯಾನ್ ತರ್ತೀನಿ," ಅಂದ ತಮ್ಮ. ಹೂಂ ಅಂದೆ. ಅಂದಮೇಲೆ ಮಿಷಿನ್ನಿನ ಮೇಲಿನ ಧೂಳು ಒರೆಸ್ತಾ ಕೂತೆ. ಗಂಡ ಹೋದಮೇಲೆ ನನ್ನನ್ನು ನಿಲ್ಲಿಸಿದ್ದು ಈ ಮಿಷಿನ್ನು. ತಮ್ಮನ ಮನೆಯಲ್ಲಿ ನಾನು ಮೂಲೆಯಲ್ಲಿ ಕೂರುವ ಅಕ್ಕ. ಇಲ್ಲಿ ನಾನು ಟೈಲರಮ್ಮ.

ಅದೇ ವಾರ ಕಥೆ ಮೇಡಂ ಅಂತ ಒಬ್ಬಳು ಬಂದಳು. ಹಾಳುಬಿದ್ದ ಲೈಬ್ರರಿಯ ಬೀಗ ತೆಗೆಸಿ, ಬೀದಿ ಅಲೆಯುವ ಮಕ್ಕಳನ್ನೆಲ್ಲ ಕೂರಿಸಿ, "ನಿಮ್ಮ ಗಲ್ಲಿಯ ಮೇಲೇ ಕಥೆ ಕಟ್ಟಿ" ಅಂದಳಂತೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಅಂತ ನಾನು ಮೂಗು ಮುರಿದೆ.

ಹತ್ತು ದಿನ ಕಳೀತು. ಬೆಳಿಗ್ಗೆ ಅಂಗಡಿಗೆ ಬಂದು ನೋಡ್ತೀನಿ, ನನ್ನ ಬೋರ್ಡಿನ ಮೇಲೆ ಕೆಂಪು ಬಣ್ಣದಲ್ಲಿ, ಮಕ್ಕಳ ಕೈಯ ಗೇಣುದ್ದದ ಸೊಟ್ಟ ಅಕ್ಷರದಲ್ಲಿ: 'ಬಾಯಿ ಹೊಲಿಯುವ ರಾಕ್ಷಸಿ ಇದ್ದಾಳೆ.'

ಅಳತೆ ಸ್ಕೇಲ್ ಹಿಡಿದು ಲೈಬ್ರರಿಗೆ ನುಗ್ಗಿದೆ. "ಯಾರ್ರೋ ಅದು?"

ಇಸ್ತ್ರಿಯವನ ಮಗಳು ಎದ್ದು ನಿಂತಳು. ಹನ್ನೆರಡು ವರ್ಷ, ಎಲ್ಲರೂ ಗಿಡ್ಡಿ ಅಂತಾರೆ. ನಾಲಿಗೆ ಮಾತ್ರ ಗಿಡ್ಡ ಅಲ್ಲ. "ಅಜ್ಜಿ, ನೀವು ಗುಂಡುಸೂಜಿ ತಿಂತೀರಲ್ಲ? ನಾನೇ ನೋಡಿದೀನಿ. ಹಿಡಿ ಹಿಡಿ ಬಾಯಿಗೆ ಹಾಕ್ಕೊಳ್ತೀರ. ಮಾತಾಡಿಸಿದ್ರೆ ಗುರ್ ಅಂತೀರ."

ಅಯ್ಯೋ ದೇವರೇ! ಬಟ್ಟೆ ಹಿಡಿಯೋಕೆ ಎರಡೂ ಕೈ ಬೇಕು, ಅದಕ್ಕೆ ಸೂಜಿಗಳನ್ನ ತುಟಿಯಲ್ಲಿ ಕಚ್ಚಿಕೊಂಡಿರ್ತೀನಿ. ಆಗ ಯಾರಾದರೂ ಮಾತಾಡಿಸಿದರೆ ಗುರ್ ಅನ್ನದೆ ಸಂಗೀತ ಹಾಡಲಾ?

"ನಿನ್ನ ಕಥೆ ಪೂರ್ತಿ ಓದಮ್ಮ," ಅಂದಳು ಮೇಡಂ.

ಗಿಡ್ಡಿ ಓದಿದಳು. ಕಸದ ಗುಡ್ಡೆ ಅನ್ನೋದು ಮಲಗಿರೋ ಭೂತವಂತೆ. ಒಂದೊಂದು ಚೀಲ ಬಿದ್ದಾಗಲೂ ಊದಿಕೊಳ್ತದಂತೆ. ಅದು ಹೆದರೋದು ರಾಕ್ಷಸಿಗೆ ಮಾತ್ರ. ಕಸ ಎಸೆದವರ ಬಾಯಿ ಹೊಲೀತಾ ಅವಳು ಕಾವಲು ಕೂತಿದ್ದಾಳೆ. "ಅವಳೊಬ್ಬಳು ಇಲ್ಲದಿದ್ದರೆ ನಮ್ಮ ಗಲ್ಲಿ ಎಂದೋ ಭೂತದ ಹೊಟ್ಟೆ ಸೇರ್ತಿತ್ತು."

ಎತ್ತಿದ ಸ್ಕೇಲ್ ತಾನೇ ಇಳೀತು. ಹಾಗಂತ ಬಿಗುಮಾನ ಬಿಡೋಕಾಗ್ತದಾ? "ಬೋರ್ಡು ಅಳಿಸಿ," ಅಂದು ಬಂದೆ. ಅಳಿಸಲಿಲ್ಲ, ಕತ್ತೆಗಳು.

ಮಾರನೇ ದಿನ ಎದುರುಮನೆ ದಪ್ಪಮ್ಮ ಕಸದ ಚೀಲ ಹಿಡಿದು ಬಂದಳು. ನನ್ನ ಬಾಯಲ್ಲಿ ಆರು ಸೂಜಿ. ತಲೆ ಎತ್ತಿ ನೋಡಿದೆ, ಅಷ್ಟೇ. ಜೊತೆಗಿದ್ದ ಮೊಮ್ಮಗ, "ಅಜ್ಜೀ, ಬೇಡ! ಹೊಲೀತಾಳೆ!" ಅಂತ ಅವಳ ಕೈ ಜಗ್ಗಿ ರಂಪ ಮಾಡಿಬಿಟ್ಟ. ಇರಲಿ ಅಂತ ನಾನೂ ಒಂದು ಗುರ್ ಸೇರಿಸಿದೆ. ಚೀಲ ಬಂದ ದಾರಿಯಲ್ಲೇ ವಾಪಸ್ ಹೋಯ್ತು. ಹನ್ನೊಂದು ವರ್ಷದ ಬೈಗುಳಕ್ಕೆ ಆಗದ್ದು ಒಂದು ಗುರ್ರಿಗೆ ಆಯ್ತಲ್ಲ!

ಆಮೇಲೆ ನಾನು ನಾಚಿಕೆ ಬಿಟ್ಟೆ. ಕೆಲಸ ಇಲ್ಲದಿದ್ದರೂ ಬಾಯಿ ತುಂಬ ಸೂಜಿ ಕಚ್ಚಿ ಬಾಗಿಲಲ್ಲಿ ಕೂರ್ತಿದ್ದೆ. ಹೊಸ ಚೀಲ ಬೀಳೋದು ನಿಂತಿತು, ಇದ್ದ ಗುಡ್ಡೆಯನ್ನ ಮಕ್ಕಳು ಮನೆಯವರ ಪ್ರಾಣ ತಿಂದು ಲಾರಿ ತರಿಸಿ ಎತ್ತಿಸಿದರು. ಪಕ್ಕದ ಬೀದಿಗಳಿಂದಲೂ ರಾಕ್ಷಸಿ ನೋಡೋಕೆ ಮಕ್ಕಳು ಬಂದವು. ಅವರನ್ನು ಎಳೆದೊಯ್ಯೋಕೆ ಬಂದ ಅಮ್ಮಂದಿರು, "ಹೇಗೂ ಬಂದಿದ್ದೀವಿ, ಈ ಜಿಪ್ ಹಾಕಿಕೊಡಿ," ಅಂದರು. ಸೈಕಲ್‌ನವನಿಗೆ ಆಕಳಿಸೋಕೂ ಪುರುಸೊತ್ತಿಲ್ಲ.

ಇದನ್ನೆಲ್ಲ ತಮ್ಮನಿಗೆ ಹೇಗೆ ಹೇಳೋದು? ಮಕ್ಕಳ ಕಥೆ ನಂಬಿ ಉಳ್ಕೊಳ್ತೀನಿ ಅಂದರೆ ಬಿದ್ದು ಬಿದ್ದು ನಗ್ತಾನೆ. ಹೇಳದೆ ಹೇಳದೆ ತಿಂಗಳ ಕೊನೆ ಬಂತು, ವ್ಯಾನೂ ಬಂತು.

ನಾನು ಕೊನೇ ಅಂಗಿಯ ಅಂಚಿಗೆ ಸೂಜಿ ಚುಚ್ತಾ ಕೂತಿದ್ದೆ. ಮಕ್ಕಳು ಗೋಡೆಗೆ ಒರಗಿ ನಿಂತಿದ್ದವು. ಗಿಡ್ಡಿ ಮಾತ್ರ ಹತ್ತಿರ ಬಂದಳು.

"ರಾಕ್ಷಸಿ ಹೋಗಲ್ಲ ಅಜ್ಜಿ. ನಾನು ಹಾಗೆ ಬರೆದೇ ಇಲ್ಲ."

ಕಣ್ಣು ತುಂಬಿ ಬಂತು. ಬಾಯಲ್ಲಿ ಸೂಜಿ, ಮೆಲ್ಲಗೆ ಒಂದು ಗುರ್ ಅಂದೆ.

ಅಷ್ಟರಲ್ಲಿ ತಮ್ಮ ತಲೆಯೆತ್ತಿ ಬೋರ್ಡು ನೋಡಿದ. "ಥೂ! ನನ್ನ ಅಕ್ಕನಿಗೆ ರಾಕ್ಷಸಿ ಅಂತ ಬರೆದವರು ಯಾರು?" ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ, ಸ್ಟೂಲ್ ಹತ್ತಿ, ಪಾಪ, ಅಕ್ಕನ ಮಾನ ಕಾಪಾಡೋಕೆ ಉಜ್ಜತೊಡಗಿದ. ಮೊದಲ ಎರಡು ಅಕ್ಷರ ಹೋದವು.

ಸೂಜಿಗಳನ್ನೆಲ್ಲ ಅಂಗೈಗೆ ಉಗಿದು ಎದ್ದೆ.

"ಇಳಿಯೋ ಕೆಳಗೆ! ಅದು ನನ್ನ ಬೋರ್ಡು!"

"ಅಕ್ಕಾ... ಮತ್ತೆ ವ್ಯಾನು?"

"ತಂದಿದ್ದೀಯಲ್ಲ, ಅದರಲ್ಲೇ ಹೋಗಿ ಒಂದು ಡಬ್ಬ ಕೆಂಪು ಬಣ್ಣ ತಗೊಂಡು ಬಾ. ಅಳಿಸಿದ್ದನ್ನ ನೀನೇ ಬರೀಬೇಕು. ಹೇಗೆ ಅಂತ ಗಿಡ್ಡಿ ಹೇಳಿಕೊಡ್ತಾಳೆ."