ಹದಿನೆಂಟು ತುಂಬಿದ ಮಗಳು

"ಆ ಕರೀ ಕೈ ನನ್ನ ಮೈಗೆ ತಾಗಿಸಬೇಡ, ಹೊಲಸು ಹೆಂಗಸೇ!"

ಸ್ವೀಡಿಷ್‌ನಲ್ಲಿ ಅರಚಿದ ಮುದುಕ ಅವನಿಯ ಮುಖಕ್ಕೆ ಉಗಿದ. ಅವನ ಹಾಸಿಗೆಯ ತುಂಬ ಹೇಲು. ಶಕುಂತಲಾ ಅವನನ್ನು ಮಗ್ಗುಲಿಗೆ ಹೊರಳಿಸಿ ಹಿಡಿದಿದ್ದಳು, ಮಗಳು ಅವನಿ ಒರೆಸುತ್ತಿದ್ದಳು. ಟೋರ್ಸ್‌ಲಾಂಡ ಊರಿನ ಆ ವೃದ್ಧಾಶ್ರಮದಲ್ಲಿ ಇಬ್ಬರಿಗೂ ಒಂದೇ ಪಾಳಿ.

"ಬೊಗಳ್ಕೊಳ್ಲಿ ಬಿಡು, ಮುದಿಯ. ನೀನು ಬೇಗ ಒರ್ಸು," ಎಂದಳು ಶಕುಂತಲಾ.

ಕೂಗು ಕೇಳಿ ಮೇಲ್ವಿಚಾರಕಿ ಗುನಿಲ್ಲಾ ಬಂದಳು. ಬಂದವಳೇ ಮುದುಕನ ತಲೆ ಸವರಿದಳು. "ಇವರು ನಿದ್ದೇಲಿದ್ದಾಗ ಮಾಡಿ ಅಂತ ಹೇಳಿರಲಿಲ್ವಾ? ನಿಮ್ಮನ್ನ ಕಂಡ್ರೆ ಪಾಪ, ಹೆದರ್ತಾರೆ."

"ಮುಖಕ್ಕೆ ಉಗಿದರು," ಎಂದಳು ಅವನಿ.

"ವಯಸ್ಸಾದವರು. ಮನಸ್ಸಿಗೆ ಹಚ್ಕೋಬೇಡ." ಗುನಿಲ್ಲಾ ನಕ್ಕಳು.

ಅವನಿ ಈ ದೇಶಕ್ಕೆ ಬಂದಾಗ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಪ್ಪ ಮಹಾಬಲೇಶ್ವರನಿಗೆ ಕಾರು ಕಾರ್ಖಾನೆಯಲ್ಲಿ ಕೆಲಸ. ಅವನ ಕೆಲಸದ ಪರ್ಮಿಟ್ಟಿಗೆ ಮನೆಯವರೆಲ್ಲ ಜೋತುಬಿದ್ದಿದ್ದರು. ಈ ಸಲ ಗಂಡ, ಹೆಂಡತಿ, ಚಿಕ್ಕ ಮಗ ವಿಹಾನ್‌ಗೆ ಪರ್ಮಿಟ್ ಮುಂದುವರಿಯಿತು. ಹದಿನೆಂಟು ತುಂಬಿದ್ದ ಮಗಳಿಗೆ ಮಾತ್ರ ಇಲ್ಲ.

"ನೀನೀಗ ದೊಡ್ಡವಳು. ಅಪ್ಪ ಅಮ್ಮನ ಜೊತೆಗೇ ಇರಬೇಕು ಅನ್ನೋದಕ್ಕೆ ಕಾರಣ ಇಲ್ಲ. ನಿನ್ನ ದೇಶಕ್ಕೆ ಹೋಗು," ಎಂದಿದ್ದ ವಲಸೆ ಅಧಿಕಾರಿ.

"ನನ್ನ ದೇಶ ಇದೇ."

"ಸ್ವೀಡಿಷ್ ಚೆನ್ನಾಗಿ ಮಾತಾಡ್ತೀಯ," ಎಂದು ಅವನು ಮೆಚ್ಚಿ ತಲೆಯಾಡಿಸಿದ್ದ.

ಹುಟ್ಟಿದ ಬೆಂಗಳೂರಿನಲ್ಲಿ ಅವಳಿಗೆ ಯಾರೂ ಇರಲಿಲ್ಲ. ಮೇಲ್ಮನವಿ ಬಿದ್ದುಹೋಗಿತ್ತು, ದೇಶ ಬಿಡಲು ಕೊಟ್ಟ ಗಡುವೂ ದಾಟಿತ್ತು.

ಅಷ್ಟರಲ್ಲಿ ಕೋಣೆಯ ಬಾಗಿಲಿಗೆ ಇಬ್ಬರು ಪೊಲೀಸರು ಬಂದು ಅವನಿಯ ಹೆಸರು ಕೇಳಿದರು. ಗುನಿಲ್ಲಾಗೆ ವಿಷಯ ತಿಳಿಯಿತು.

"ಇವರದ್ದೊಂದು ಮುಗಿಸಿ ಹೋಗ್ಲಿ. ಇವತ್ತು ಕೆಲಸಕ್ಕೆ ಜನ ಕಡಿಮೆ," ಎಂದಳು.

"ಬೇಗ ಆಗ್ಲಿ," ಎಂದು ಪೊಲೀಸನೊಬ್ಬ ಗೋಡೆಗೆ ಒರಗಿದ.

ಅವನಿ ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು. "ಮುಗಿಸಲ್ಲ."

ಪೊಲೀಸರು ರಟ್ಟೆ ಹಿಡಿದು ಎಳೆದರು. "ಕೈನಾದ್ರೂ ತೊಳ್ಕೊಳ್ತೀನಿ," ಎಂದರೂ ಬಿಡಲಿಲ್ಲ. ಸೀಟು ಗಲೀಜಾಗುತ್ತದೆಂದು ಕಾರಿನೊಳಗೆ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಕೂರಿಸಿದರು.

ಶಕುಂತಲಾ ಮುದುಕನನ್ನು ಹಾಗೇ ಬಿಟ್ಟು ಓಡಿದಳು.

"ಎಲ್ಲಿಗೆ? ಅವರನ್ನ ಆ ಸ್ಥಿತೀಲಿ ಬಿಟ್ಟು ಹೋಗೋ ಹಾಗಿಲ್ಲ!" ಗುನಿಲ್ಲಾ ಹಿಂದೆಯೇ ಕೂಗಿದಳು.

"ಅವನ ಹೇಲು ನೀನೇ ಬಳ್ಕೊಳೇ, ಮುಂಡೆ!" ಶಕುಂತಲಾ ಕನ್ನಡದಲ್ಲೇ ಬೈದಳು. ಪೊಲೀಸ್ ಕಾರಿನ ಮುಂದೆ ಹಿಮ ಕರಗಿ ರಾಡಿಯಾದ ನೆಲದ ಮೇಲೆ ಕುಕ್ಕರಿಸಿದಳು. ಅಲ್ಲಿಂದಲೇ ಗಂಡನಿಗೆ ಫೋನು ಹಚ್ಚಿ ಎಲ್ಲ ಹೇಳಿದಳು.

"ಲೇ, ಎದ್ದೇಳೇ ಮೊದ್ಲು!" ಮಹಾಬಲೇಶ್ವರ ಗದರಿದ. "ಪೊಲೀಸ್ನೋರಿಗೆ ಅಡ್ಡ ಬಂದ್ರೆ ನಮ್ ಪರ್ಮಿಟ್ಟೂ ಹೋಗತ್ತೆ. ವಿಹಾನ್ ಬಗ್ಗೆ ಸ್ವಲ್ಪ ಯೋಚ್ನೆ ಮಾಡು."

"ಯೋಚ್ನೆ ಮಾಡೇ ಕೂತಿರೋದ್ರೀ. ನಾಳೆ ವಿಹಾನ್‌ಗೂ ಹದಿನೆಂಟು ತುಂಬತ್ತೆ."

ಪೊಲೀಸ ಹಾರ್ನ್ ಬಾರಿಸಿದ. ಒಳಗೆ ಅವನಿ ಗಾಜು ಬಡಿಯುತ್ತಿದ್ದಳು. ಬಡಿದಲ್ಲೆಲ್ಲ ಹಳದಿ ಬೆರಳಚ್ಚು ಮೆತ್ತುತ್ತಿತ್ತು. ಕಾರು ಮೆಲ್ಲಗೆ ಮುಂದೆ ಸರಿಯಿತು. ಅದರ ಮೂತಿ ಶಕುಂತಲೆಯ ಮಂಡಿಗೆ ಒತ್ತಿತು. ಅವಳು ಕಾಲು ಹಿಂದೆಳೆದುಕೊಳ್ಳಲಿಲ್ಲ.