ಮನೆ ಸಿಗಲಿಲ್ಲ

"ಆಫೀಸು ಇಲ್ಲೇ ಸಾಂತಾಕ್ರೂಜ್‌ನಲ್ಲೇ ಅಲ್ವಾ?" ಎಂದು ಕೇಳಿದ ಹುಡುಗಿಗೆ, ಕೆಲಸದ ಓಡಾಟವೆಲ್ಲ ಧಾರಾವಿಯ ಗಲ್ಲಿಗಳಲ್ಲಿ ಎಂದು ತಿಳಿದೊಡನೆ ಮುಖ ಸಣ್ಣದಾಯಿತು. ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಎದ್ದುಹೋದಳು. ಆ ವಾರ ಹಾಗೆ ಹೋದವರಲ್ಲಿ ಅವಳು ಏಳನೆಯವಳು. ನೀಲಾವತಿ ಪಟ್ಟಿಯಲ್ಲಿ ಅವಳ ಹೆಸರಿಗೂ ಗೆರೆ ಎಳೆದಳು.

ಕ್ಷಯರೋಗಿಗಳಿಗೆ ಪುಕ್ಕಟೆ ಔಷಧಿ ಕೊಡುವ ಆ ಟ್ರಸ್ಟಿಗೆ ನೀಲಾವತಿ ಕಾರ್ಯದರ್ಶಿ. ಎರಡು ತಿಂಗಳು ಸೂಜಿ ಚುಚ್ಚಿಸಿಕೊಂಡು, ಕೆಮ್ಮು ಕಡಿಮೆಯಾದ ಕೂಡಲೇ ಬರುವುದನ್ನು ಬಿಟ್ಟುಬಿಡುವವರ ಮನೆಗೆ ಹೋಗಿ, ತಿಳಿಸಿ ಹೇಳಿ ಮತ್ತೆ ಕರೆತರಲು ಒಬ್ಬರು ಬೇಕಿತ್ತು. ಇಂಗ್ಲಿಷ್ ಪತ್ರಿಕೆಯಲ್ಲಿ ಎರಡು ಸಲ ಜಾಹೀರಾತು ಕೊಟ್ಟಾಗಿತ್ತು. ಬರುತ್ತಿದ್ದವರೆಲ್ಲ ಒಂದೇ ಬಗೆಯ ಪದವೀಧರರು. ಸೇರಿದ ಮೂವರಲ್ಲಿ ಒಬ್ಬರೂ ಮೂರು ತಿಂಗಳು ನಿಂತಿರಲಿಲ್ಲ.

ಮರುದಿನ ನೀಲಾವತಿ ಕನ್ನಡ, ಮರಾಠಿ, ತಮಿಳು, ಉರ್ದುವಿನಲ್ಲಿ ಚೀಟಿ ಬರೆಸಿ, ಧಾರಾವಿಯ ನಲ್ಲಿಗಳ ಹತ್ತಿರ ಅಂಟಿಸಿ ಬಂದಳು. ಸಾಂತಾಕ್ರೂಜ್‌ನಲ್ಲಿ ಎರಡು ಹೋಟೆಲು ನಡೆಸುತ್ತಿದ್ದ, ಟ್ರಸ್ಟಿನ ಅಧ್ಯಕ್ಷ ಧರ್ಮಣ್ಣನವರಿಗೆ ಅದು ಸರಿಬರಲಿಲ್ಲ.

"ಎಂತದು ನೀಲಾವತಿ, ಹೋಟೆಲಿಗೆ ಜನ ಇಟ್ಟುಕೊಳ್ಳುವಾಗ ಸಹ ನಾನು ಪರಿಚಯದವರನ್ನು ಕೇಳ್ತೇನೆ. ನೀವು ಬೀದಿಯಲ್ಲಿ ಚೀಟಿ ಅಂಟಿಸಿದ್ದಾ?"

"ಪರಿಚಯದವರು ಯಾರೂ ಇದಕ್ಕೆ ಬರುವುದಿಲ್ಲ, ಪೇಪರ್ ನೋಡಿ ಬಂದವರು ನಿಲ್ಲುವುದಿಲ್ಲ ಅಲ್ವಾ ಧರ್ಮಣ್ಣ? ಮತ್ತೆಂತ ಮಾಡುವುದು?"

ಸೋಮವಾರ ಹನ್ನೊಂದು ಜನ ಬಂದರು. ಕೊನೆಗೆ ಒಳಬಂದವಳು ರಾಯಚೂರು ಕಡೆಯ ಹನುಮವ್ವ. ಚರ್ಮದ ಕಾರಖಾನೆಯಲ್ಲಿ ಚೀಲಗಳಿಗೆ ಅಂಟು ಹಚ್ಚುವ ಕೆಲಸ ಅವಳದು. ಉಗುರುಗಳ ಸಂದಿಯಲ್ಲಿ ಅಂಟು ಒಣಗಿ ಕಪ್ಪಾಗಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಎಷ್ಟು ಓದಿದ್ದು?" ಧರ್ಮಣ್ಣ ಕೇಳಿದರು.

"ನಾಕನೇತ್ತ ರೀ. ಕನ್ನಡ ಓದತೀನಿ, ಹೆಸರು ಬರೀತೀನಿ. ಹಿಂದಿ, ಮರಾಠಿ ಮಾತಾಡತೀನಿ. ತಮಿಳು ತಿಳೀತೈತಿ."

"ಕಷ್ಟದ ಕೆಲಸ ಇದು. ನಿಮಗೆ ಎಂತಕ್ಕೆ?"

ಹನುಮವ್ವ ಸೆರಗು ಸರಿಮಾಡಿಕೊಂಡಳು. "ನನ್ನ ಗಂಡ ಚಂದ್ರಾಮ ನಿಮ್ಮ ದವಾಖಾನ್ಯಾಗ ಸೂಜಿ ಮಾಡಿಸ್ಕೊಂತಿದ್ದ ರೀ. ಕೆಮ್ಮು ನಿಂತಿತು, ಕೆಲಸಕ್ಕ ಹೊಂಟ, ಸೂಜಿ ಬಿಟ್ಟ. ಆರಾಮ ಆಗ್ಯಾನ ಅಂತ ನಾನೂ ಸುಮ್ಮನಾದೆ. ಯಾರರ ಬಂದು ಒಂದು ಮಾತು ಹೇಳಿದ್ರ, ಕೈ ಹಿಡಿದು ಎಳಕೊಂಡು ಬರತಿದ್ದೆ. ಹೋದ ದೀಪಾವಳಿಗೆ ತೀರಿಕೊಂಡ."

ನೀಲಾವತಿ ಎದ್ದು ಕಪಾಟು ತೆರೆದಳು. ಹಳೆಯ ಕಾರ್ಡುಗಳ ಕಟ್ಟಿನಲ್ಲಿ ಆ ಹೆಸರು ಸಿಕ್ಕಿತು. ಚಂದ್ರಾಮ, ವಯಸ್ಸು ಮೂವತ್ತನಾಲ್ಕು. ಕೊನೆಯ ಸಾಲು: 'ಮನೆ ಸಿಗಲಿಲ್ಲ.' ಅದರ ಕೆಳಗೆ ಅವಳದೇ ಸಹಿ. ಆಗ ಕೆಲಸಕ್ಕೆ ಯಾರೂ ಇಲ್ಲದೆ ಅವಳೇ ಹೋಗಿದ್ದಳು. ಮಳೆ, ಕೆಸರು. ಕಾರ್ಡನ್ನು ಮತ್ತೆ ಕಟ್ಟಿನೊಳಗೆ ತೂರಿಸಿಬಿಡಬಹುದಿತ್ತು. ಅವಳು ಅದನ್ನು ಮೇಜಿನ ಮೇಲಿಟ್ಟಳು.

"ನಾನೇ ಬಂದಿದ್ದೆ ಹನುಮವ್ವ. ಅರ್ಧ ಗಂಟೆ ಹುಡುಕಿದೆ. ಮನೆ ಸಿಗಲಿಲ್ಲ ಅಂತ ಬರೆದು ಲೋಕಲ್ ಟ್ರೈನ್ ಹಿಡಿದೆ."

ಹನುಮವ್ವ ಆ ಅಕ್ಷರಗಳನ್ನು ಒಂದೊಂದಾಗಿ ಓದಿಕೊಂಡಳು.

"ಯಾರನ್ನ ಕೇಳಿದ್ರಿ, ಬಾಯಾರ?"

"ಯಾರನ್ನೂ ಕೇಳಲಿಲ್ಲ. ನಂಬರ್ ಹುಡುಕಿದೆ."

"ನಮ್ಮ ಓಣ್ಯಾಗ ನಂಬರ ಎಲ್ಲಿ ಅದಾವ್ರಿ? ಕೇಳಿದ್ರ ಸಣ್ಣ ಹುಡುಗರೂ ತೋರಸ್ತಿದ್ರು."

ಧರ್ಮಣ್ಣ ಕನ್ನಡಕ ತೆಗೆದು ಒರೆಸಿದರು. "ಆರು ತಿಂಗಳು ನೋಡುವ. ಅರ್ಧ ಸಂಬಳದಲ್ಲಿ..."

"ಇಲ್ಲ," ಎಂದಳು ನೀಲಾವತಿ. ಅಧ್ಯಕ್ಷರ ಮಾತನ್ನು ಅವಳು ಅರ್ಧಕ್ಕೇ ತಡೆದದ್ದು ಅದೇ ಮೊದಲು. "ಬಂದು ಹೋದ ಆ ಬಿ.ಎ. ಹುಡುಗಿಯರಿಗೆ ಕೊಡಲಿಕ್ಕಿದ್ದ ಸಂಬಳವೇ ಇವರಿಗೂ. ಬರವಣಿಗೆ ನಾನು ನೋಡಿಕೊಳ್ತೇನೆ."

ಧರ್ಮಣ್ಣ ಕಾರ್ಡಿನ ಕಡೆ ನೋಡಿದರು. ಕಡೆಗೆ ತಲೆಯಾಡಿಸಿದರು. ಹನುಮವ್ವ ಮಾತ್ರ ಕೈ ಮುಗಿಯಲಿಲ್ಲ, ನಗಲೂ ಇಲ್ಲ.

"ನಾಳಿಂದ ಬರತೀನಿ. ಮೊದಲನೇ ದಿನ ನೀವೂ ನನ್ನ ಸಂಗಾಟ ಬರಬೇಕು, ಬಾಯಾರ."

ಮರುದಿನ ಬೆಳಿಗ್ಗೆ ಇಬ್ಬರೂ ಹೊರಟರು. ಚರಂಡಿಯ ಮೇಲಿನ ಹಲಗೆಗಳನ್ನು ದಾಟುತ್ತ, ಕಂಡವರನ್ನೆಲ್ಲ ಮಾತಾಡಿಸುತ್ತ ಹನುಮವ್ವ ಮುಂದೆ ನಡೆದಳು. ಮೂರು ವಾರದಿಂದ ಸೂಜಿಗೆ ಬರದಿದ್ದ ಮರೆಪ್ಪನ ಖೋಲಿ ಸಿಕ್ಕಿತು. ನೀಲಾವತಿಯನ್ನು ಕಂಡವನೇ ಅವನು ಗೋಡೆಗೆ ಮುಖ ಮಾಡಿ ಮಲಗಿದ. ಹನುಮವ್ವ ಔಷಧಿಯ ಮಾತೆತ್ತಲಿಲ್ಲ. ಹೊಸ್ತಿಲಲ್ಲಿ ಕೂತು, "ಯಾವೂರಪ್ಪ ನಿಂದು?" ಎಂದಳು. ಅವನು ಗೋಡೆಗೇ ಉತ್ತರ ಹೇಳಿದ. ಅವಳು ಇನ್ನೇನೋ ಕೇಳಿದಳು. ಬಿಸಿಲು ಹೊಸ್ತಿಲಿಗೆ ಬರುವವರೆಗೂ ಹಾಗೇ ಮಾತು ನಡೆಯಿತು. ಆಮೇಲೆ ಅವನು ಮೆಲ್ಲನೆದ್ದು ಗೂಟದ ಮೇಲಿದ್ದ ಅಂಗಿ ತೆಗೆದುಕೊಂಡ. ತೊಡುವಾಗ ಅದರ ಒಂದು ತೋಳು ಸಿಗದೆ ಕೈ ಹಿಂದೆ ತಡಕಾಡುತ್ತಿತ್ತು. ಹನುಮವ್ವ ಎದ್ದು, ಆ ತೋಳನ್ನು ಅಗಲಿಸಿ ಹಿಡಿದು ನಿಂತಳು.